ಪರಮಾಣು ಎಣಿಸುವ ಸೂಜಿಗೂ ಬೇಕು ಮುದ್ರೆಯೊತ್ತಿದ ಅಳತೆ

ದಾದರ್-ಮಾಟುಂಗದ ಕಿರಾಣಿ ಅಂಗಡಿಯಿರಲಿ, ಉಡುಪಿ ಹೋಟೆಲಿನ ಅಡುಗೆ ಕೋಣೆಯಿರಲಿ, ಎರಕದ ಕಬ್ಬಿಣದ ಹಳೆಯ ತೂಕದ ಕಲ್ಲನ್ನು ಮಗುಚಿ ನೋಡಿದವರಿಗೆ ಅದರ ತೂತಿನಲ್ಲಿ ತುಂಬಿದ ಸೀಸ, ಆ ಸೀಸದ ಮೇಲೆ ಒತ್ತಿದ ಸರಕಾರಿ ಮುದ್ರೆ ಕಂಡೇ ಇರುತ್ತದೆ. ತೂಕ-ಅಳತೆ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ ಒತ್ತುವ ಮುದ್ರೆಯದು. ಕಲ್ಲು ಸವೆಯುತ್ತದೆ, ಸವೆದ ಕಲ್ಲು ಸುಳ್ಳು ಹೇಳುತ್ತದೆ, ಆ ಸುಳ್ಳು ಕಣ್ಣಿಗೆ ಕಾಣುವುದಿಲ್ಲ ಎಂಬುದು ವ್ಯಾಪಾರದಲ್ಲಿ ತಲೆ ನರೆತ ಹಿರಿಯರಿಗೆಲ್ಲ ಗೊತ್ತಿರುವ ವಿಷಯ. ಆದರೆ ಪರಮಾಣುಗಳನ್ನೇ ಒಂದೊಂದಾಗಿ ತೋರಿಸಬಲ್ಲ, ಭಾರೀ ಬೆಲೆಯ ಸೂಕ್ಷ್ಮದರ್ಶಕಕ್ಕೂ ಇದೇ ಕಾಯಿಲೆಯಿದೆ, ಅದಕ್ಕೂ ಇಂತಹದೇ ಮುದ್ರೆ ಬೇಕಾಗುತ್ತದೆ ಎಂದರೆ ಹಲವರಿಗೆ ಅಚ್ಚರಿಯಾದೀತು.

ಸ್ಕ್ಯಾನಿಂಗ್ ಪ್ರೋಬ್ ಮೈಕ್ರೋಸ್ಕೋಪ್ ಎಂದು ಕರೆಯಲಾಗುವ ಈ ಯಂತ್ರ ಮಸೂರದ ಮೂಲಕ ನೋಡುವುದಿಲ್ಲ. ದೃಷ್ಟಿಹೀನರು ಬೆರಳ ತುದಿಯಿಂದ ಬ್ರೈಲ್ ಅಕ್ಷರ ಓದುವಂತೆ, ಅತಿ ಚೂಪಾದ ಒಂದು ಸೂಜಿಯ ಮೊನೆಯಿಂದ ಅದು ವಸ್ತುವಿನ ಮೇಲ್ಮೈಯನ್ನು ಸಾಲು ಸಾಲಾಗಿ ತಡವಿ ಓದುತ್ತದೆ. ಒಂದು ಬಗೆಯಲ್ಲಿ ಮೊನೆಗೂ ಮೇಲ್ಮೈಗೂ ನಡುವಿನ ಕಿರು ಸಂದಿಯನ್ನು ದಾಟಿ ಹರಿಯುವ ವಿದ್ಯುತ್ತನ್ನು ಅಳೆಯುತ್ತಾರೆ. ಇದು ಎಸ್‌ಟಿಎಂ. ಇನ್ನೊಂದರಲ್ಲಿ ಮೊನೆ ಹೊತ್ತ ತೆಳ್ಳನೆಯ ಪಟ್ಟಿ ಎಷ್ಟು ಬಾಗಿತು ಎಂದು ನೋಡುತ್ತಾರೆ. ಇದು ಎಎಫ್‌ಎಂ. ಇಲ್ಲಿ ವ್ಯವಹಾರವೆಲ್ಲ ನ್ಯಾನೋಮೀಟರ್ ಲೆಕ್ಕದಲ್ಲಿ. ತಲೆಗೂದಲಿನ ದಪ್ಪ ಹೆಚ್ಚು ಕಡಿಮೆ 80,000 ನ್ಯಾನೋಮೀಟರ್ ಎಂದರೆ ಆ ಅಳತೆಯ ಸಣ್ಣತನ ಮನವರಿಕೆಯಾಗಬಹುದು.

ಸ್ವಿಜರ್ಲೆಂಡಿನ ಜ್ಯೂರಿಕ್ ಸಮೀಪದ ರುಶ್ಲಿಕೋನ್‌ನಲ್ಲಿರುವ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ 1981ರಲ್ಲಿ ಎಸ್‌ಟಿಎಂ ಅನ್ನು ಕೆಲಸ ಮಾಡಿ ತೋರಿಸಿದರು. 1986ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಪಾಲು ಇವರಿಬ್ಬರಿಗೆ ಸಂದಿತು. ಉಳಿದರ್ಧ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅರ್ನ್‌ಸ್ಟ್ ರುಸ್ಕಾ ಅವರ ಪಾಲಾಯಿತು. ಅದೇ 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗೆರ್ಬರ್ ಎಎಫ್‌ಎಂ ಅನ್ನು ಪ್ರಕಟಿಸಿದರು.

ಹೆಚ್ಚಿನವರಿಗೆ ತಿಳಿಯದ ಒಂದು ಹೆಸರು ಇವರಿಗೂ ಹಿಂದಿನದು. ಅಮೆರಿಕದ ಅಳತೆ-ತೂಕಗಳ ರಾಷ್ಟ್ರೀಯ ಸಂಸ್ಥೆಯಲ್ಲಿದ್ದ ರಸೆಲ್ ಯಂಗ್ ಅವರು 1960ರ ದಶಕದ ಕೊನೆಯಲ್ಲೇ ಸೂಜಿ ಮೊನೆಯಿಂದ ಮೇಲ್ಮೈ ಓದುವ 'ಟೋಪೋಗ್ರಫೈನರ್' ಎಂಬ ಯಂತ್ರವನ್ನು ಕಟ್ಟಿದ್ದರು. ಎತ್ತರದಲ್ಲಿ ಸುಮಾರು 3 ನ್ಯಾನೋಮೀಟರ್, ಅಗಲದಲ್ಲಿ ಸುಮಾರು 400 ನ್ಯಾನೋಮೀಟರಿನಷ್ಟು ವಿವರ ಅದಕ್ಕೆ ದಕ್ಕುತ್ತಿತ್ತು. ನೆಲದ ಕಂಪನ ತಡೆಯುವ ವ್ಯವಸ್ಥೆ ಸಾಲದಾಗಿತ್ತು. 1971ರಲ್ಲಿ ಸಂಸ್ಥೆ ಆ ಕೆಲಸವನ್ನೇ ನಿಲ್ಲಿಸಿತು. ನೊಬೆಲ್ ಪ್ರಕಟಣೆಯಲ್ಲಿ ಯಂಗ್ ಅವರ ಹೆಸರು ಗೌರವದಿಂದ ಉಲ್ಲೇಖವಾಯಿತು ಎಂಬುದಷ್ಟೇ ಸಮಾಧಾನ. ಯಂಗ್ ಚಿತ್ರ ತೆಗೆಯಲು ಹೊರಟವರಲ್ಲ, ಮೇಲ್ಮೈಯ ಉಬ್ಬುತಗ್ಗುಗಳನ್ನು ಅಳೆಯಲು ಹೊರಟವರು ಎಂಬುದು ಇಲ್ಲಿ ಗಮನಾರ್ಹ. ಚಿತ್ರ ಬಂದರೆ ಸಾಕು ಎನ್ನುವವರಿಗೂ, ಆ ಚಿತ್ರದಲ್ಲಿನ ಗುಡ್ಡ ಎಷ್ಟು ಎತ್ತರ ಎಂದು ಕೇಳುವವರಿಗೂ ಇರುವ ವ್ಯತ್ಯಾಸವೇ ಈ ಲೇಖನದ ವಿಷಯ.

ವೋಲ್ಟು ಗೊತ್ತು, ದೂರ ಗೊತ್ತಿಲ್ಲ

ಯಂತ್ರದ ಸೂಜಿಯನ್ನು ಅತ್ತಿತ್ತ ಸರಿಸುವುದು ಪೀಜೋ ಎಂಬ ಪಿಂಗಾಣಿಯಂತಹ ವಸ್ತು. ಒತ್ತಿದರೆ ವಿದ್ಯುತ್ ಹುಟ್ಟುವ ಹರಳುಗಳ ಗುಣವನ್ನು 1880ರಲ್ಲಿ ಪಿಯೆರ್ ಮತ್ತು ಜಾಕ್ ಕ್ಯೂರಿ ಸಹೋದರರು ಕಂಡುಕೊಂಡಿದ್ದರು. ಅದನ್ನು ತಿರುವುಮುರುವು ಮಾಡಿದರೆ, ಅಂದರೆ ವಿದ್ಯುತ್ ಕೊಟ್ಟರೆ, ವಸ್ತು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಇದಕ್ಕೆ ಬಳಸುವುದು ಸಾಮಾನ್ಯವಾಗಿ ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಆಕ್ಸೈಡ್. ತೂಕದ ಕಲ್ಲಿನಲ್ಲಿ ಸತ್ಯದ ಮುದ್ರೆ ಹೊತ್ತ ಸೀಸ ಇಲ್ಲಿ ಸುಳ್ಳಿನ ಮೂಲದಲ್ಲೇ ಕುಳಿತಿದೆ ಎನ್ನಬಹುದು.

ಏಕೆಂದರೆ ಯಂತ್ರಕ್ಕೆ ನಿಜವಾಗಿ ಗೊತ್ತಿರುವುದು ತಾನು ಕೊಟ್ಟ ವೋಲ್ಟು ಮಾತ್ರ. ಒಂದು ವೋಲ್ಟಿಗೆ 5 ನ್ಯಾನೋಮೀಟರ್ ಎಂದು ಕಾರ್ಖಾನೆಯವರು ಬರೆದು ಕೊಟ್ಟಿದ್ದರೆ, 100 ವೋಲ್ಟು ಕೊಟ್ಟಾಗ ಗಣಕದ ಪರದೆಯ ಮೇಲೆ 500 ನ್ಯಾನೋಮೀಟರ್ ಎಂದು ಮೂಡುತ್ತದೆ. ಸೂಜಿ ನಿಜಕ್ಕೂ ಅಷ್ಟೇ ಸರಿದಿದೆಯೇ ಎಂದು ಯಾರೂ ನೋಡಿರುವುದಿಲ್ಲ. ಪೀಜೋ ಸಣ್ಣ ವೋಲ್ಟಿಗೆ ತೋರುವ ಔದಾರ್ಯಕ್ಕಿಂತ ದೊಡ್ಡ ವೋಲ್ಟಿಗೆ ಹೆಚ್ಚು ಔದಾರ್ಯ ತೋರುತ್ತದೆ. ಲೆಕ್ಕದಲ್ಲಿ 500 ಎಂದಿದ್ದದ್ದು ವಾಸ್ತವದಲ್ಲಿ 550 ಆಗಿದ್ದರೂ ಆಶ್ಚರ್ಯವಿಲ್ಲ. ಮೇಲಾಗಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಅದೇ 50 ವೋಲ್ಟಿನಲ್ಲಿ ಏರುವಾಗ ಸೂಜಿ ಇರುವ ಜಾಗಕ್ಕೂ ಇಳಿಯುವಾಗ ಇರುವ ಜಾಗಕ್ಕೂ ತಾಳೆಯಾಗುವುದಿಲ್ಲ. ಈ ವ್ಯತ್ಯಾಸ ಒಟ್ಟು ಸರಿತದ ನೂರಕ್ಕೆ 10-15ರ ವರೆಗೂ ಹೋಗುವುದುಂಟು. ವೋಲ್ಟು ನಿಲ್ಲಿಸಿದ ಮೇಲೂ ಪೀಜೋ ಕೆಲವು ನಿಮಿಷ ತೆವಳುತ್ತಲೇ ಇರುತ್ತದೆ, ಲೋಕಲ್ ರೈಲು ನಿಂತ ಮೇಲೂ ಒಳಗಿನ ಜನ ಮುಂದಕ್ಕೆ ವಾಲುವಂತೆ. ವರ್ಷ ಕಳೆದಂತೆ ಅದರ ಹುರುಪೂ ಕುಂದುತ್ತದೆ. ದ್ರವ ಹೀಲಿಯಂನ ಕೊರೆಯುವ ಚಳಿಯಲ್ಲಿ ಪ್ರಯೋಗ ಮಾಡುವವರಿಗಂತೂ ಕೋಣೆಯ ಉಷ್ಣತೆಯಲ್ಲಿ ಮಾಡಿದ ಲೆಕ್ಕ ಕೆಲಸಕ್ಕೇ ಬಾರದು. ಅಲ್ಲಿ ಪೀಜೋದ ಸರಿತ ಸುಮಾರು ಐದರಲ್ಲೊಂದು ಪಾಲಿಗೆ ಇಳಿದಿರುತ್ತದೆ.

ಇತ್ತೀಚಿನ ಒಳ್ಳೆಯ ಯಂತ್ರಗಳಲ್ಲಿ ಸೂಜಿ ಎಷ್ಟು ಸರಿಯಿತು ಎಂದು ಪ್ರತ್ಯೇಕವಾಗಿ ನೋಡುವ ಸಂವೇದಕಗಳಿರುತ್ತವೆ. ಇವುಗಳಿಂದ ಮೇಲೆ ಹೇಳಿದ ಚೇಷ್ಟೆಗಳು ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. ಆದರೆ ಆ ಸಂವೇದಕ ಸರಿಯಾಗಿದೆ ಎನ್ನುವವರು ಯಾರು? ಅದಕ್ಕೂ ಪರೀಕ್ಷೆ ಬೇಕು.

ಸಿ.ಡಿ. ಎಂಬ ಮನೆಯ ಅಳತೆಗೋಲು

ಕ್ಯಾಲಿಬ್ರೇಷನ್ ಎಂದರೆ ಮೂಲತಃ ಇಷ್ಟೇ: ಅಳತೆ ಮೊದಲೇ ಗೊತ್ತಿರುವ ಒಂದು ವಸ್ತುವನ್ನು ಯಂತ್ರದ ಕೆಳಗಿಟ್ಟು, ಅದು ಏನು ಹೇಳುತ್ತದೆ ಎಂದು ಕೇಳುವುದು. ಸಾಮಾನ್ಯವಾಗಿ ಬಳಸುವುದು ಸಿಲಿಕಾನ್ ಚೂರಿನ ಮೇಲೆ ಸಮಾನ ಅಂತರದಲ್ಲಿ ಕೊರೆದ ಗೆರೆಗಳ ಜಾಲರಿ. ಅದು ಕೈಗೆ ಸಿಗದ ಕಾಲೇಜುಗಳಲ್ಲಿ ಹಳೆಯ ಸಿ.ಡಿ.ಯ ಚೂರೇ ಸಾಕಾಗುತ್ತದೆ. ಭಜನೆ, ಯಕ್ಷಗಾನದ ಸಿ.ಡಿ.ಗಳು ಅನೇಕರ ಮನೆಯ ಅಟ್ಟದಲ್ಲಿ ಇಂದಿಗೂ ಇರಬಹುದು. ಅದರ ಮೇಲಿನ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ 1,600 ನ್ಯಾನೋಮೀಟರ್. ಡಿ.ವಿ.ಡಿ.ಯಲ್ಲಿ ಅದು 740 ನ್ಯಾನೋಮೀಟರ್.

ಈ ಸಂಖ್ಯೆಯನ್ನು ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಮನೆಯಲ್ಲೇ ತಾಳೆ ನೋಡಬಹುದು. ಸಂಘಗಳ ಮಕ್ಕಳ ಶಿಬಿರದಲ್ಲಿ ಮಾಡಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಾರದು. ಗೋಡೆಗೆ ಎದುರಾಗಿ, ಗೋಡೆಯಿಂದ ಸರಿಯಾಗಿ 1 ಮೀಟರ್ ದೂರದಲ್ಲಿ ಸಿ.ಡಿ.ಯನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯ ಪಕ್ಕದಿಂದ ಕೆಂಪು ಲೇಸರ್ ಪಾಯಿಂಟರಿನ ಬೆಳಕನ್ನು ಅದರ ಮೇಲೆ ನೇರ ಬೀಳಿಸಬೇಕು. ಬೆಳಕಿನ ಒಂದು ಪಾಲು ಬಂದ ದಾರಿಯಲ್ಲೇ ಹಿಂತಿರುಗಿದರೆ, ಎರಡೂ ಪಕ್ಕಕ್ಕೆ ಒಂದೊಂದು ಕೆಂಪು ಚುಕ್ಕೆ ಗೋಡೆಯ ಮೇಲೆ ಮೂಡುತ್ತದೆ. ನಡುವಿನಿಂದ ಚುಕ್ಕೆಗೆ ಸುಮಾರು 44-45 ಸೆಂಟಿಮೀಟರ್ ಬಂದರೆ ಲೆಕ್ಕ ಸರಿ. ಪಾಯಿಂಟರಿನ ಬೆಳಕಿನ ಅಲೆಯುದ್ದ 650 ನ್ಯಾನೋಮೀಟರ್ ಎಂದು ಹಿಡಿದು, ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದ ಕೋನದ ಸೈನ್ ಕಂಡುಹಿಡಿದು ಭಾಗಿಸಿದರೆ 1,600ರ ಆಸುಪಾಸು ಬರುತ್ತದೆ. ಲೇಸರ್ ಯಾರ ಕಣ್ಣಿಗೂ ಬೀಳದಂತೆ ದೊಡ್ಡವರು ಪಕ್ಕದಲ್ಲಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೊಡ್ಡ ಪ್ರಯೋಗಾಲಯಗಳಲ್ಲಿ ಜಾಲರಿಯ ಗೆರೆಗಳ ಅಂತರವನ್ನು ಖಚಿತಪಡಿಸುವುದೂ ಇದೇ ತತ್ವದಿಂದ, ಲೇಸರ್ ಮತ್ತು ಕೋನ ಅಳೆಯುವ ಉಪಕರಣಗಳು ಮಾತ್ರ ಬಹಳ ನಿಖರವಾದವು. ಬೆಳಕು ಸಾವಿರಾರು ಗೆರೆಗಳ ಮೇಲೆ ಒಟ್ಟಿಗೆ ಬೀಳುವುದರಿಂದ ಸಿಗುವುದು ಎಲ್ಲದರ ಸರಾಸರಿ. ಒಂದು ಅಕ್ಕಿಕಾಳಿನ ತೂಕ ಬೇಕಾದರೆ ಸಾವಿರ ಕಾಳು ತೂಗಿ ಭಾಗಿಸುವ ಜಾಣತನವದು.

ಇನ್ನೂ ಸಣ್ಣ ಅಳತೆಗೆ ಪ್ರಕೃತಿಯೇ ಜಾಲರಿ ಹೆಣೆದಿಟ್ಟಿದೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ನ ಶುದ್ಧ ಹರಳನ್ನು ಅಂಟುಪಟ್ಟಿಯಿಂದ ಒಂದು ಪದರ ಕಿತ್ತು ನೋಡಿದರೆ ಪರಮಾಣುಗಳ ಸಾಲೇ ಕಾಣುತ್ತದೆ. ಹಳ್ಳಿಗಳಲ್ಲಿ ಕಾಗೆ ಬಂಗಾರ ಎನ್ನುವ ಅಭ್ರಕದಲ್ಲಿ ಈ ಅಂತರ 0.52 ನ್ಯಾನೋಮೀಟರ್. ಗ್ರಾಫೈಟ್‌ನಲ್ಲಿ ಮಾತ್ರ ಒಂದು ಬಲೆಯಿದೆ. ಅಕ್ಕಪಕ್ಕದ ಎರಡು ಕಾರ್ಬನ್ ಪರಮಾಣುಗಳ ನಡುವೆ ಇರುವುದು 0.142 ನ್ಯಾನೋಮೀಟರ್. ಆದರೆ ಕೆಳಗಿನ ಪದರದ ಪ್ರಭಾವದಿಂದ ಎಸ್‌ಟಿಎಂ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದು ಒಂದು ಬಿಟ್ಟು ಒಂದು ಪರಮಾಣು, ಅವುಗಳ ಅಂತರ 0.246 ನ್ಯಾನೋಮೀಟರ್. ಇದನ್ನರಿಯದೆ ಪಠ್ಯಪುಸ್ತಕದ 0.142ನ್ನು ಯಂತ್ರಕ್ಕೆ ಊಡಿಸಿದವನ ಎಲ್ಲ ಅಳತೆಗಳೂ ನಿಜಕ್ಕಿಂತ ಸುಮಾರು 1.7 ಪಟ್ಟು ಕಿರಿದಾಗುತ್ತವೆ. ಚಿತ್ರ ಮಾತ್ರ ಸುಂದರವಾಗಿಯೇ ಬಂದಿರುತ್ತದೆ!

ಒಮ್ಮೆ ಅಳತೆ ಹೊಂದಿಸಿ ಬಿಟ್ಟರೆ ಮುಗಿಯಿತು ಎಂಬಂತಿಲ್ಲ. 0.246 ನ್ಯಾನೋಮೀಟರ್‌ಗೆ ಹೊಂದಿಸಿದ ಯಂತ್ರ 10,000 ನ್ಯಾನೋಮೀಟರ್ ಸರಿಯುವಾಗ ಬೇರೆಯದೇ ಲೆಕ್ಕ ಹೇಳುತ್ತದೆ. ಯಾವ ವ್ಯಾಪ್ತಿಯಲ್ಲಿ ಕೆಲಸ ಮಾಡಬೇಕೋ ಆ ವ್ಯಾಪ್ತಿಯಲ್ಲೇ, ಅದೇ ವೇಗದಲ್ಲೇ ಪರೀಕ್ಷಿಸಬೇಕು. ಉದ್ದಕ್ಕೊಂದು, ಅಗಲಕ್ಕೊಂದು, ಎತ್ತರಕ್ಕೊಂದು ಲೆಕ್ಕ ಬೇರೆ ಬೇರೆ. ಉದ್ದ-ಅಗಲಗಳ ನಡುವಿನ ಕೋನ ನಿಜವಾಗಿ 90 ಡಿಗ್ರಿ ಇದೆಯೇ ಎಂದು ಜಾಲರಿಯನ್ನು ತಿರುಗಿಸಿಟ್ಟು ನೋಡುವುದೂ ಉಂಟು. ತೆವಳುವಿಕೆ ನಿಲ್ಲಲೆಂದು ಮೊದಲ ಒಂದೆರಡು ಚಿತ್ರಗಳನ್ನು ಅನುಭವಿಗಳು ಎಸೆದೇ ಬಿಡುತ್ತಾರೆ.

ವಾಲಿದ ಮಂಚ, ಮೊಂಡ ಸೂಜಿ

ವೋಲ್ಟಿನ ಲೆಕ್ಕ ಸರಿಹೋದರೂ ಕಷ್ಟ ತಪ್ಪುವುದಿಲ್ಲ. ಮಾದರಿ 5 ಡಿಗ್ರಿ ವಾಲಿಕೊಂಡಿದ್ದರೆ ಅಷ್ಟಕ್ಕೇ ಸಾವಿರಕ್ಕೆ ಸುಮಾರು 4ರಷ್ಟು ತಪ್ಪು ನುಸುಳುತ್ತದೆ. 1890ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಅಬ್ಬೆ ತೋರಿಸಿದ ತತ್ವ ಇನ್ನೂ ನವಿರಾದದ್ದು. ಅಳತೆಗೋಲು ಮತ್ತು ಅಳೆಯುವ ವಸ್ತು ಒಂದೇ ಗೆರೆಯಲ್ಲಿರಬೇಕು. ಸಂವೇದಕಕ್ಕೂ ಸೂಜಿಗೂ 10 ಮಿಲಿಮೀಟರ್ ಅಂತರವಿದ್ದು, ಸರಿಯುವಾಗ ಮಂಚ ಒಂದು ರೇಡಿಯನ್‌ನ ಹತ್ತು ಲಕ್ಷದಲ್ಲೊಂದು ಪಾಲು ಹೊರಳಿದರೂ ಅಳತೆಯಲ್ಲಿ 10 ನ್ಯಾನೋಮೀಟರ್ ತಪ್ಪಾಗುತ್ತದೆ. ಅಷ್ಟು ಹೊರಳಿದ್ದನ್ನು ಕಣ್ಣಿನಿಂದ ಹಿಡಿಯುವುದು ಸಾಧ್ಯವೇ ಇಲ್ಲ. ಉಷ್ಣತೆಯ ಕಥೆಯೂ ಇದೇ. 10 ಸೆಂಟಿಮೀಟರಿನ ಅಲ್ಯೂಮಿನಿಯಂ ತುಂಡು ಡಿಗ್ರಿಯ ನೂರರಲ್ಲೊಂದು ಪಾಲು ಬಿಸಿಯೇರಿದರೂ ಸುಮಾರು 23 ನ್ಯಾನೋಮೀಟರ್ ಹಿಗ್ಗುತ್ತದೆ. ಒಬ್ಬ ಮನುಷ್ಯ ಪಕ್ಕದಲ್ಲಿ ಬಂದು ನಿಂತರೆ ಅಷ್ಟು ಬಿಸಿ ಸಾಕು. ಉದ್ದದ ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ಹೇಳಬೇಕೆಂದು 1931ರಲ್ಲೇ ಅಂತಾರಾಷ್ಟ್ರೀಯ ಸಮಿತಿ ನಿಶ್ಚಯಿಸಿದ್ದು ಸುಮ್ಮನೆ ಅಲ್ಲ.

ಇನ್ನು ಸೂಜಿಯ ಮೊನೆ. ಎಷ್ಟೇ ಚೂಪು ಎಂದರೂ ಅದರ ತುದಿ ದುಂಡಗೇ ಇರುತ್ತದೆ. ಬೆರಳಿಗೆ ದಪ್ಪ ಕೈಗವಸು ತೊಟ್ಟು ಸೂಜಿದಾರವನ್ನು ಮುಟ್ಟಿದರೆ ಹೇಗೋ ಹಾಗೆ. ಡಿಎನ್‌ಎ ಎಳೆಯ ನಿಜವಾದ ದಪ್ಪ 2 ನ್ಯಾನೋಮೀಟರ್ ಆದರೂ ಎಎಫ್‌ಎಂ ಚಿತ್ರದಲ್ಲಿ ಅದರ ಅಗಲ 10 ನ್ಯಾನೋಮೀಟರ್ ದಾಟುವುದು ಸಾಮಾನ್ಯ. ಹಾಗೆಂದು ಗೆರೆಯಿಂದ ಗೆರೆಗಿರುವ ಅಂತರ ಮಾತ್ರ ಕೆಡುವುದಿಲ್ಲ, ಏಕೆಂದರೆ ಎರಡೂ ಗೆರೆಗಳು ಒಂದೇ ಪ್ರಮಾಣದಲ್ಲಿ ಉಬ್ಬಿರುತ್ತವೆ. ಅಂತರ ನಂಬಬಹುದು, ಎತ್ತರ ನಂಬಬಹುದು, ಅಗಲವನ್ನು ಮಾತ್ರ ಕೇಳಿ ಕೇಳಿ ನಂಬಬೇಕು. ಗಣಕದ ಚಿಪ್ ಮಾಡುವವರಿಗೆ ಬೇಕಾಗಿರುವುದು ಮುಖ್ಯವಾಗಿ ಈ ಅಗಲವೇ ಎಂಬುದು ವಿಪರ್ಯಾಸ.

ಒಂದೇ ಚಿನ್ನ, ಹಲವು ಅಳತೆ

ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ ಎಂದು ಕೇಳುವವರಿಗೆ ಚಿನ್ನದ ಉದಾಹರಣೆ ಸಾಕು. ಯಂಗ್ ಕೆಲಸ ಮಾಡಿದ್ದ ಅದೇ ಸಂಸ್ಥೆ ಈಗ ನಿಸ್ಟ್ ಎಂಬ ಹೆಸರಿನಲ್ಲಿದೆ. ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆಯಲ್ಲಿ ತೊಡಗಿದವರಿಗಾಗಿ ಅದು 2007-08ರಲ್ಲಿ ಚಿನ್ನದ ಅತಿ ಸಣ್ಣ ಕಣಗಳ ಪ್ರಮಾಣ ಮಾದರಿಗಳನ್ನು ಹೊರತಂದಿತು. 10, 30, 60 ನ್ಯಾನೋಮೀಟರ್ ಎಂದು ಹೆಸರಿಟ್ಟ ಮೂರು ಗಾತ್ರ. 10 ಎಂದು ಹೆಸರಿಟ್ಟ ಕಣವನ್ನು ಎಎಫ್‌ಎಂ ಅಳೆದಾಗ ಬಂದದ್ದು 8.5. ಒಂದು ಬಗೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 8.9 ಎಂದಿತು, ಇನ್ನೊಂದು 9.9 ಎಂದಿತು. ನೀರಿನಲ್ಲಿ ತೇಲಿಸಿ ಬೆಳಕು ಚದುರಿಸಿ ಅಳೆದಾಗ 13.5 ಬಂತು. ಸಂಸ್ಥೆಯವರು ಯಾವ ಸಂಖ್ಯೆಯನ್ನೂ ಮುಚ್ಚಿಡಲಿಲ್ಲ, ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಸಾಲಾಗಿ ಮುದ್ರಿಸಿದರು.

ಇವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಎಎಫ್‌ಎಂ ಕಣದ ಎತ್ತರವನ್ನು ಹೇಳಿತು, ಅಗಲವನ್ನು ನಂಬುವಂತಿರಲಿಲ್ಲವಲ್ಲ. ನೀರಿನಲ್ಲಿ ತೇಲುವ ಕಣ ತನ್ನ ಸುತ್ತಲಿನ ಪದರವನ್ನೂ ಹೊತ್ತು ಚಲಿಸುವುದರಿಂದ ಬೆಳಕಿನ ಅಳತೆಗೆ ದಪ್ಪ ಕಂಡಿತು. ಆದರೆ 8.5 ಮತ್ತು 13.5ರ ನಡುವಿನ ಅಂತರವನ್ನು ಗಾತ್ರಕ್ಕೆ ಪರಿವರ್ತಿಸಿದರೆ ನಾಲ್ಕು ಪಟ್ಟಾಗುತ್ತದೆ. ಮದ್ದು ಹೊತ್ತೊಯ್ಯುವ ಕಣದಲ್ಲಿ ಇಂತಹ ಗೊಂದಲವನ್ನು ಇಟ್ಟುಕೊಳ್ಳಲಾದೀತೇ? 2007ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ ಪ್ರಾಣಿಗಳ ದೇಹಕ್ಕೆ ಬೇರೊಂದು ಬಗೆಯ ನ್ಯಾನೋ ಕಣಗಳನ್ನು ಚುಚ್ಚಿ ನೋಡಿತು. ನೀರಿನಲ್ಲಿದ್ದಾಗಿನ ಗಾತ್ರ 5.5 ನ್ಯಾನೋಮೀಟರಿಗಿಂತ ಕಿರಿದಾದವು ಮೂತ್ರಪಿಂಡದ ಮೂಲಕ ಬೇಗನೆ ಹೊರಹೋದವು, ಅದಕ್ಕಿಂತ ದೊಡ್ಡವು ದೇಹದಲ್ಲೇ ಉಳಿದವು. ಅರ್ಧ ನ್ಯಾನೋಮೀಟರಿನ ಅಳತೆ ತಪ್ಪು ಇಲ್ಲಿ ರೋಗಿಯ ದೇಹದ ಪ್ರಶ್ನೆಯಾಗುತ್ತದೆ.

ಅಳತೆಗೂ ಮೂಲ-ಬಳಿ

ಹೆಣ್ಣು-ಗಂಡಿನ ಮಾತುಕತೆಗೆ ಕುಳಿತಾಗ ಬಳಿ ಯಾವುದು, ಗೋತ್ರ ಯಾವುದು ಎಂದು ಹಿರಿಯರು ಕೇಳುವಂತೆ ಅಳತೆಗೂ ಮೂಲ ಕೇಳುವ ಪದ್ಧತಿಯಿದೆ. ಕಾಲೇಜಿನ ಯಂತ್ರಕ್ಕೆ ಜಾಲರಿ ಸಾಕ್ಷಿ. ಜಾಲರಿಗೆ ರಾಷ್ಟ್ರೀಯ ಪ್ರಯೋಗಾಲಯ ಸಾಕ್ಷಿ. ಅಲ್ಲಿನ ಯಂತ್ರಕ್ಕೆ ಲೇಸರ್ ಬೆಳಕಿನ ಅಲೆ ಸಾಕ್ಷಿ. ಆ ಅಲೆಗೆ ಮೀಟರಿನ ವ್ಯಾಖ್ಯೆಯೇ ಸಾಕ್ಷಿ. 1889ರಿಂದ ಪ್ಲಾಟಿನಂ-ಇರಿಡಿಯಂ ದಂಡವಾಗಿದ್ದ ಮೀಟರ್ 1960ರಲ್ಲಿ ಕ್ರಿಪ್ಟಾನ್ ಅನಿಲದ ಬೆಳಕಿನ ಅಲೆಗಳ ಲೆಕ್ಕವಾಯಿತು. 1983ರಿಂದ ಅದು ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಕಾಲದಲ್ಲಿ ಕ್ರಮಿಸುವ ದೂರ. ಊರಿಂದೂರಿಗೆ ಸೇರು-ಪಾವಿನ ಅಳತೆ ಬದಲಾಗುತ್ತಿದ್ದ ಕಾಲವನ್ನು ಕಂಡ ಹಿರಿಯರು ಈ ಸರಪಣಿಯ ಬೆಲೆಯನ್ನು ಚೆನ್ನಾಗಿ ಬಲ್ಲರು. ಮೆಟ್ರಿಕ್ ಅಳತೆಗೆ ದಾರಿ ಮಾಡಿದ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 1956ರಲ್ಲಿ.

ಭಾರತದಲ್ಲಿ ಈ ಸರಪಣಿಯ ತುದಿ ಇರುವುದು ದಿಲ್ಲಿಯ ಪೂಸಾ ಪ್ರದೇಶದ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. 1947ರ ಜನವರಿಯಲ್ಲಿ ಅಡಿಗಲ್ಲು ಕಂಡ ಈ ಸಂಸ್ಥೆಯ ಮೊದಲ ನಿರ್ದೇಶಕರು ಕೆ.ಎಸ್. ಕೃಷ್ಣನ್. ದಿಲ್ಲಿ ಕನ್ನಡಿಗರಲ್ಲಿ ಅನೇಕರು ಅದರ ಎದುರಿನಿಂದಲೇ ದಿನಾ ಬಸ್ಸಿನಲ್ಲಿ ಹಾದುಹೋಗಿರಬಹುದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರ, ತುಮಕೂರು ರಸ್ತೆಯ ಸಿಎಂಟಿಐ ಇಂತಹ ಯಂತ್ರಗಳ ಕೆಲಸಕ್ಕೆ ಹೆಸರಾದವು. ಮುಂಬಯಿ ಕನ್ನಡಿಗರಿಗೆ ಹತ್ತಿರದ್ದು ಪೊವಾಯಿಯ ಐಐಟಿ. 2006ರಲ್ಲಿ ಐಐಟಿ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆ ಜಂಟಿಯಾಗಿ ನ್ಯಾನೋಎಲೆಕ್ಟ್ರಾನಿಕ್ಸ್ ಕೇಂದ್ರಗಳನ್ನು ಆರಂಭಿಸಿದವು. ಮುಂದೆ ಇತರ ಕಾಲೇಜುಗಳ ಶಿಕ್ಷಕರು, ಸಂಶೋಧನಾ ವಿದ್ಯಾರ್ಥಿಗಳು ಬಂದು ಆ ಯಂತ್ರಗಳನ್ನು ಬಳಸುವ ಯೋಜನೆಯೂ ರೂಪುಗೊಂಡಿತು. ಸಂಘಗಳ ವಿದ್ಯಾರ್ಥಿ ವೇತನ ಪಡೆದು ಎಂ.ಎಸ್ಸಿ. ಓದುವ ಮಕ್ಕಳಿಗೆ ಇಂತಹ ಬಾಗಿಲುಗಳ ಸುದ್ದಿ ತಲುಪಿಸುವುದು ಸನ್ಮಾನದ ಶಾಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು. ಹಾಗೆ ಹೋದವರು ಚಿತ್ರದ ಜತೆಗೆ ಯಂತ್ರಕ್ಕೆ ಕೊನೆಯ ಬಾರಿ ಕ್ಯಾಲಿಬ್ರೇಷನ್ ಆದ ದಿನಾಂಕವನ್ನೂ ಬರೆದುಕೊಂಡು ಬರಬೇಕು.

ಈಚಿನ ಬೆಳವಣಿಗೆ ಸಿಲಿಕಾನ್‌ಗೆ ಸಂಬಂಧಿಸಿದ್ದು. ಅದರ ಹರಳಿನಲ್ಲಿ ಪರಮಾಣು ಪದರಗಳ ಅಂತರವನ್ನು ಎಕ್ಸ್-ಕಿರಣಗಳಿಂದ ದಶಕಗಟ್ಟಲೆ ಅಳೆದು, ಒಂದು ದಿಕ್ಕಿನಲ್ಲಿ ಅದು 192.01557 ಪಿಕೋಮೀಟರ್ ಎಂಬಷ್ಟು ನಿಖರತೆಗೆ ತಂದಿದ್ದಾರೆ. ಒಂದು ನ್ಯಾನೋಮೀಟರಿನಲ್ಲಿ ಸಾವಿರ ಪಿಕೋಮೀಟರ್. ನ್ಯಾನೋ ಅಳತೆಗಳಿಗೆ ಬೆಳಕಿನ ಬದಲು ಈ ಪದರಗಳನ್ನೇ ಮೀಟರಿನ ಸಾಕ್ಷಿಯಾಗಿ ಬಳಸಬಹುದೆಂದು 2019ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಗೆಯಾಯಿತು. ಬೇರೊಂದು ದಿಕ್ಕಿನಲ್ಲಿ ಕತ್ತರಿಸಿದ ಸಿಲಿಕಾನ್ ಮೇಲ್ಮೈ ಹಳೆಯ ದೇವಸ್ಥಾನದ ಕೆರೆಯ ಪಾವಟಿಗೆಗಳಂತೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಪ್ರತಿ ಮೆಟ್ಟಿಲೂ ಒಂದೇ ಪರಮಾಣು ಪದರದ ಎತ್ತರ. ಎಕ್ಸ್-ಕಿರಣಗಳ ಲೆಕ್ಕದಲ್ಲಿ ಅದು 313.6 ಪಿಕೋಮೀಟರ್ ಆಗಬೇಕು. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಎಫ್‌ಎಂ ಕ್ಯಾಲಿಬ್ರೇಷನ್ ನಿಯಮಾವಳಿ ಮಾತ್ರ 312 ಎಂದು ಬರೆದು, 12 ಹೆಚ್ಚಾಗಬಹುದು ಇಲ್ಲವೇ ಕಡಿಮೆಯಾಗಬಹುದು ಎಂಬ ಮಾತನ್ನೂ ಸೇರಿಸಿತು. ಮೇಲ್ಮೈಯ ಮೆಟ್ಟಿಲು ಹರಳಿನ ಒಳಗಿನಂತೆಯೇ ಇರುತ್ತದೆ ಎಂದು ಸುಮ್ಮನೆ ನಂಬುವಂತಿಲ್ಲ ಎಂಬ ಎಚ್ಚರವದು. ಒಂದು ಮೆಟ್ಟಿಲಿಗೆ ಈ ಅನುಮಾನ ದೊಡ್ಡದು, ನೂರು ಮೆಟ್ಟಿಲು ಏರಿದರೆ ಅಷ್ಟು ದೊಡ್ಡದಲ್ಲ. ಆದರೆ ಎಣಿಸುವಾಗ ನಡುವೆ ಒಂದು ಮೆಟ್ಟಿಲು ತಪ್ಪಿಹೋದರೆ ಪುನಃ ಕೆಳಗಿನಿಂದಲೇ ಆರಂಭಿಸಬೇಕು.